ಬಟ್ಟು, ಹೆಬ್ಬೆಟ್ಟು

ಗೋಣಿಕೊಪ್ಪದ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು.
ರಸೀತಿ ಪುಸ್ತಕದ ಹಿಂಬದಿ ಖಾಲಿ ಇರುತ್ತದಲ್ಲ,
ಅಲ್ಲೊಂದು ಕತೆ ಬರೆಯುತ್ತಿದ್ದೆ.
ಒಂದು ಊರು. ಊರಿಗೆ ಹೆಸರಿಲ್ಲ
(ಹೆಸರಿಟ್ಟರೆ ಯಾರಾದರೂ ಜಗಳಕ್ಕೆ ಬರುತ್ತಾರೆ).
ಅಲ್ಲಿ ಎಲ್ಲರ ತಕ್ಕಡಿಯೂ ಒಂದೇ ಕಡೆಗೆ ವಾಲುತ್ತದೆ,
ವಾಲಿದ್ದೇ ನೇರವೆಂದು ಶಾಲೆಯಲ್ಲಿ ಕಲಿಸುತ್ತಾರೆ.

ಅಂಥ ಊರಿಗೆ ಒಬ್ಬ ಬರಬೇಕು.
ಬರದಿದ್ದರೆ ಕತೆ ಮುಂದೆ ಹೋಗುವುದಿಲ್ಲ.
ಹೊರಗಿನವನೇ ಆಗಬೇಕು.
ಊರವನಾದರೆ
ಅವನಪ್ಪ ಯಾರ ಗದ್ದೆಯ ಬದು ಒತ್ತಿದ್ದ,
ಚಿಕ್ಕಮ್ಮನ ಮದುವೆ ಯಾಕೆ ಮುರಿಯಿತು,
ಎಲ್ಲ ಗೊತ್ತಿರುತ್ತದೆ.
ಗೊತ್ತಿರುವವನ ಮುಂದೆ ಯಾರಿಗೆ ನಾಚಿಕೆ?

ಕುಟ್ಟದಿಂದ ಬರುವ ಕೊನೆಯ ಬಸ್ಸಿನಿಂದ ಇಳಿಸಿದೆ ಅವನನ್ನು.
ಬಿಳಿ ಅಂಗಿ. ಕೈಯಲ್ಲಿ ಚೀಲವಿಲ್ಲ.
ಸುಳ್ಳು ಬಾಯಿಗೆ ಬರುವುದೇ ಇಲ್ಲ,
ಕೆಲವರಿಗೆ ‘ಳ’ ಹೊರಳದ ಹಾಗೆ.
ಏನೂ ಮಾಡುವುದಿಲ್ಲ, ಅಂಗಡಿ ಕಟ್ಟೆಯಲ್ಲಿ ಕೂರುತ್ತಾನೆ.
ಕೂತದ್ದೇ ತಡ
ಹಾಲಿನೊಳಗಿನ ನೀರು ಬೇರೆಯಾಗಿ ಕಾಣುತ್ತದೆ,
ಪಂಚಾಯಿತಿ ಅಧ್ಯಕ್ಷರಿಗೆ ಬಿಕ್ಕಳಿಕೆ ಹಿಡಿಯುತ್ತದೆ.

ಬಟ್ಟು ಅವನು, ತೂಕದ ಬಟ್ಟು.
ಆ ತಟ್ಟೆಯಲ್ಲಿ ಅವನನ್ನಿಟ್ಟೆ, ಈ ತಟ್ಟೆಯಲ್ಲಿ ಊರನ್ನು.
ಊರು ಮೇಲೆ ಹೋಯಿತು
ಕಾಫಿ ಸಿಪ್ಪೆಯ ಹಾಗೆ.

ಬೀಪಾತುಮ್ಮ ಕಾಳು ಆರಿಸುವವಳು.
ಕರಿಕಾಳು ಆಚೆ, ಒಡಕು ಈಚೆ,
ಬೆರಳೇ ನೋಡಿಕೊಳ್ಳುತ್ತದೆ, ಕಣ್ಣಿಗೆ ಬಿಡುವು.
ಊಟದ ಹೊತ್ತಿನಲ್ಲಿ ಅವಳಿಗೆ ಓದಿದೆ.
ರೊಟ್ಟಿ ಮುರಿಯುತ್ತ ಕೇಳಿದಳು:
“ಅಲ್ಲ ಸಾರ್, ಅವ ಎಲ್ಲಿ ಮಲಗುದು?”
ಬರೆದಿರಲಿಲ್ಲ.
“ತಿನ್ನುದು ಏನು? ಕೊಡುದು ಯಾರು?”
ಬರೆದಿರಲಿಲ್ಲ.
“ಬಿಳಿ ಅಂಗಿ ಅಂತೀರಿ. ಈ ಕೆಂಪು ಮಣ್ಣಲ್ಲಿ
ದಿನಾ ಒಗೆಯುದು ಯಾರು?”
ಕೈತೊಳೆಯಲು ಎದ್ದವಳು ತಿರುಗಿ ಅಂದಳು,
“ಒಗೆಯುವವಳನ್ನೂ ಸ್ವಲ್ಪ ಬರೀರಿ.”

ರಾತ್ರಿ ಕೂತೆ. ಅವನಿಗೊಂದು ಬಾಡಿಗೆ ಕೋಣೆ ಕೊಟ್ಟೆ,
ಮುಂಗಡ ಕೇಳಿದರು, ಆಧಾರ್ ಕೇಳಿದರು.
ಹಸಿವು ಕೊಟ್ಟೆ.
ಎರಡನೇ ದಿನಕ್ಕೇ ಮೊದಲ ಸುಳ್ಳು ಹೇಳಿದ,
ಯಾರೋ ಕರೆದರೆ, “ಊಟ ಆಯ್ತು.”

ಕತೆ ಅಲ್ಲಿಗೆ ಕುಸಿಯಿತು.
ಅದಕ್ಕೇ ಇರಬೇಕು, ಇಂಥ ಕತೆಗಳಲ್ಲಿ
ಬಂದವನನ್ನು ಕೊನೆಗೆ ಕೊಲ್ಲುತ್ತಾರೆ,
ಇಲ್ಲವೇ ಬಸ್ಸು ಹತ್ತಿಸುತ್ತಾರೆ.
ಸತ್ತವನಿಗೆ ಕಲ್ಲು ನಿಲ್ಲಿಸಿದರೆ ಮುಗಿಯಿತು.
ಉಳಿದವನಿಗೆ ರೇಷನ್ ಕೊಡಬೇಕು.

ಇನ್ನು ಹೇಳದೆ ಇರುವುದು ಸರಿಯಲ್ಲ.
ಮಾರ್ಚಿಯಲ್ಲಿ ಒಬ್ಬ ಬಂದಿದ್ದ, ಅಸ್ಸಾಮಿನ ಕಡೆಯವನು,
ಸೈದುಲ್ಲೋ ಸಮಸುಲ್ಲೋ, ರಸೀತಿಯಲ್ಲಿ ‘ನಗದು’ ಅಂತಷ್ಟೇ ಇದೆ.
ಟವೆಲಿನಲ್ಲಿ ಕಟ್ಟಿದ ಮೂರು ಕಿಲೋ ಕರಿಮೆಣಸು.
ಬಳ್ಳಿಯಡಿ ಹೆಕ್ಕಿದ್ದೋ, ಕಣದಿಂದ ಎತ್ತಿದ್ದೋ
ನಾನು ಕೇಳಲಿಲ್ಲ;
ಕೇಳದಿರುವುದಕ್ಕೂ ಮಂಡಿಯಲ್ಲಿ ಒಂದು ದರವಿದೆ.
ಬಟ್ಟಿನ ಪಕ್ಕ ನನ್ನ ಹೆಬ್ಬೆಟ್ಟು ಕೂತಿತು, ತನ್ನ ಪಾಡಿಗೆ ತಾನು.
ಎರಡು ಕಿಲೋ ಏಳುನೂರು ಅಂತ ಬರೆದೆ.

ಅವನು ಮುಳ್ಳು ನೋಡಲಿಲ್ಲ, ಹೆಬ್ಬೆಟ್ಟು ನೋಡಿದ.
ಮಾತಾಡಲಿಲ್ಲ. ಭಾಷೆ ಇರಲಿಲ್ಲವೋ,
ಮೆಣಸು ಅವನದಲ್ಲವೋ.
ದುಡ್ಡು ಎಣಿಸದೆ ಜೇಬಿಗಿಟ್ಟು
ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಬಿಳಿ ಅಂಗಿಯವನನ್ನು ಶುರು ಮಾಡಿದ್ದು ಅವತ್ತೇ ರಾತ್ರಿ.
ಬೆವರು ಒರೆಸಿದೆ, ಬೀಡಿ ಕಿತ್ತೆ,
ಬೆರಳ ಸಂದಿಯ ಮೆಣಸಿನ ಘಾಟು ತೊಳೆದೆ,
ಆ ನೋಟವೊಂದನ್ನೇ ಇಟ್ಟುಕೊಂಡೆ.
ತೊಳೆದಷ್ಟೂ ದೂರದವನಾದ.
ದೂರದವನಿಗೆ ತಲೆಬಾಗಬಹುದು,
ಮುನ್ನೂರು ಗ್ರಾಮಿನ ಬಾಕಿ ಕೊಡಬೇಕಿಲ್ಲ.

ಈಗ ಮಂಡಿಗೆ ಎಲೆಕ್ಟ್ರಾನಿಕ್ ಕಾಟಾ ಬಂದಿದೆ.
ಹಳೆಯ ಬಟ್ಟು ಮೇಜಿನ ಮೇಲೆ, ಕಾಗದ ಹಾರದಂತೆ.
ಅದರ ಕೆಳಗೆ ಕತೆ, ಅರ್ಧ.
ಮೂಟೆಗಳ ಆಚೆಯಿಂದ ಬೀಪಾತುಮ್ಮ
ಒಮ್ಮೊಮ್ಮೆ ಕೇಳುತ್ತಾಳೆ:
“ಸಾರ್, ಅಂಗಿ ಒಣಗಿತಾ?”